ಕನ್ನಡ ಸಬ್‌ಟೈಟಲ್ ಬದಲು ಗೀಚುಗೀಚು ಅಕ್ಷರ ಬರ್ತಿದೆ, ಸಹಾಯ ಮಾಡ್ರಿ

ಬೀದರ್‌ಕೋಟೆ:
ನಮ್ಮ ಚಿಕ್ಕಪ್ಪ ಬಿದರಿ ಕೆಲಸ, ಅಂದರೆ ಲೋಹದ ಪಾತ್ರೆ ಮೇಲೆ ಬೆಳ್ಳಿ ಕೂರಿಸೋ ಕೆಲಸ ಮಾಡುತ್ತಾರೆ. ಅವರದೊಂದು 11 ನಿಮಿಷದ ವಿಡಿಯೋ ಯೂಟ್ಯೂಬಿಗೆ ಹಾಕಿದೆ. ಕಿವಿ ಕೇಳದ ಗೆಳೆಯನೂ ನೋಡಲಿ ಅಂತ ಎರಡು ರಾತ್ರಿ ಕೂತು ಸಬ್‌ಟೈಟಲ್ ಟೈಪ್ ಮಾಡಿದೆ. ಆ ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲ್ ಏರಿಸಿದರೆ ಬರೀ ಇಂಗ್ಲಿಷ್ ಅಕ್ಷರ, ಗೀಟು, ಚುಕ್ಕೆ! ವರ್ಡ್‌ನಲ್ಲಿ ಮಾತ್ರ ಚೆಂದ ಕಾಣುತ್ತೆ.

ಕಲಬುರಗಿ_ವೈರು:
ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಫೈಲ್ ಸೇವ್ ಮಾಡುವಾಗ ತಪ್ಪಾಗಿದೆ ಅಂತಿದ್ದೆ. ಇಂಗ್ಲಿಷ್ ಅಕ್ಷರ ಅಂದರೆ ನೀವು ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದರಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರವೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ. ಮತ್ತೆ ಟೈಪ್ ಮಾಡಬೇಡಿ. ಮಾತಿನ ಸಾಲುಗಳನ್ನಷ್ಟೇ ಯೂನಿಕೋಡಿಗೆ (ಒಳಗೂ ಕನ್ನಡ ಅಕ್ಷರವೇ ಇರೋ ಸಂಕೇತ) ಪರಿವರ್ತಿಸಿ, ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಅಂತ ಆರಿಸಿ ಸೇವ್ ಮಾಡಿ. ಸಮಯದ ಸಾಲು ಹೀಗೇ ಇರಲಿ:
00:00:12,500 --> 00:00:15,000
ಅಲ್ಲಿ ಕನ್ನಡ ಅಂಕಿ ನುಸುಳಬಾರದು. ಅಲ್ಪವಿರಾಮವೂ ಬೇಕು.

ಬೀದರ್‌ಕೋಟೆ:
ಬಂತು ರೀ! ಆದರೆ ಎಲ್ಲಾ ಸಾಲೂ 8 ಸೆಕೆಂಡ್ ಮೊದಲೇ ಬರ್ತಿವೆ. ಆಮೇಲೆ ವಿಡಿಯೋ ಶುರುವಿಗೆ ಟೈಟಲ್ ಸೇರಿಸಿದ್ದೆ, ಅದಕ್ಕೇನಾ? ಇನ್ನೊಂದು, ಚಿಕ್ಕಪ್ಪ 'ಕಾಸ್ಲಾಕತ್ತೀನಿ' ಅಂತಾರೆ. 'ಕಾಯಿಸುತ್ತಿದ್ದೇನೆ' ಅಂತ ತಿದ್ದಲಾ?

ಕಲಬುರಗಿ_ವೈರು:
ಅದಕ್ಕೇ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಎಲ್ಲಾ ಸಮಯಕ್ಕೂ ಒಟ್ಟಿಗೆ 8 ಸೆಕೆಂಡ್ ಕೂಡಿಸಿ. ಮಾತು ತಿದ್ದಬೇಡಿ. ತುಟಿ ನೋಡಿ ಓದುವವರಿಗೆ ಒಂದು ಕಂಡು ಇನ್ನೊಂದು ಬರೆದಿದ್ದರೆ ಗೊಂದಲ. ಅದೂ ಅಲ್ಲದೆ ನಮ್ಮ ಭಾಷೆಗೆ ಏನಾಗಿದೆ ರೀ? [ಸುತ್ತಿಗೆಯ ಸದ್ದು] ಅಂತಲೂ ಹಾಕಿ, ಮಾತಿಲ್ಲದ ಕಡೆ ವಿಡಿಯೋ ಕೆಟ್ಟಿತು ಅಂದುಕೊಳ್ಳಬಾರದು.

ಯಾದಗಿರಿ_ಕೇಳುಗ:
ನಾನು ಕಣ್ಣು ಕಾಣದವನು, ಪರದೆ ಮೇಲಿನದನ್ನು ದನಿಯಲ್ಲಿ ಓದಿ ಹೇಳೋ ಸ್ಕ್ರೀನ್ ರೀಡರಿನಲ್ಲಿ ಇದನ್ನು ಓದುತ್ತಿದ್ದೇನೆ. ವಿಡಿಯೋ ಕೇಳಿದೆ. ನಿಮ್ಮ ಚಿಕ್ಕಪ್ಪ ಕೋಟೆ ಮಣ್ಣು, ನವಸಾಗರ (ಒಂದು ಬಗೆಯ ಉಪ್ಪು) ಅನ್ನೋವರೆಗೂ ಸರಿ. ಆಮೇಲೆ 'ಈಗ ನೋಡ್ರಿ ಹೆಂಗಾತು!' ಅಂತಾರೆ, ಎಲ್ಲರೂ ಆಹಾ ಅಂತಾರೆ. ಏನಾಯ್ತು? ನನಗೆ ಸಬ್‌ಟೈಟಲ್‌ನಿಂದ ಉಪಯೋಗವಿಲ್ಲ, ಕಂಡದ್ದನ್ನು ಬಾಯಲ್ಲಿ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಇದೆ, ಮಾಡೋರು ಕಡಿಮೆ.

ಬೀದರ್‌ಕೋಟೆ:
ಕ್ಷಮಿಸಿ ಅಣ್ಣಾ, ಹೊಳೆದೇ ಇರಲಿಲ್ಲ. ಹೂಜಿ ಪೂರಾ ಕರ್ರಗಾಯ್ತು, ಬೆಳ್ಳಿ ಬಳ್ಳಿ ಮಾತ್ರ ಹೊಳೀತಿದೆ. ಸುತ್ತಿಗೆ ನಿಂತ ಕಡೆ ಇದನ್ನು ನನ್ನ ದನಿಯಲ್ಲೇ ಸೇರಿಸಿ ಮತ್ತೆ ಏರಿಸುತ್ತೇನೆ. ಕೇಳಿ ನೋಡ್ತೀರಾ?

ಯಾದಗಿರಿ_ಕೇಳುಗ:
ಕಳಿಸ್ರಿ. ಮೈ ನುಣುಪಾಗಿದೆಯೋ, ಬೆಳ್ಳಿ ಕೈಗೆ ತಡೆಯುತ್ತೋ, ಅದನ್ನೂ ಹೇಳ್ರಿ.