ಫ್ರೀ ಆ್ಯಪ್ ಅಂತ ಹಾಕಿಕೊಂಡೆ, ₹449 ಹೋಯಿತು. ಮೊದಲೇ ತಿಳಿಯುವುದು ಹೇಗೆ?

ತುಮಕೂರಿನ ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ವರ್ಷ. ರಜೆ ಅಲ್ವಾ ಅಂತ ಫೋನಿಗೆ ಬಣ್ಣ ತುಂಬುವ ಆಟವೊಂದನ್ನು ಹಾಕಿಕೊಟ್ಟೆ. ಬೆಲೆ ಏನೂ ಕಾಣಲಿಲ್ಲ. ಇನ್‌ಸ್ಟಾಲ್ ಅಂತ ಇತ್ತು, ಒತ್ತಿದೆ. ಎರಡು ಚಿತ್ರ ಮುಗಿಯಿತು, ಮೂರನೆಯದು ನವಿಲು, ಅದರ ಮೇಲೆ ಹಳದಿ ಬೀಗ. "ಅಪ್ಪಾ, ಬೀಗ ತೆಗೆದುಕೊಡು" ಅಂತ ಬಂದಳು. ನಾನು ಆಫೀಸಿನವರ ಜೊತೆ ಮಾತಾಡುತ್ತಿದ್ದೆ. ದೊಡ್ಡ ಅಕ್ಷರದಲ್ಲಿ "3 ದಿನ ಉಚಿತ" ಅಂತ ಇತ್ತು, ಯುಪಿಐ ಪಿನ್ ಕೇಳಿತು, ಖಾತೆ ಸರಿ ಇದೆಯಾ ನೋಡೋಕಿರಬೇಕು ಅಂದುಕೊಂಡು ಹಾಕಿಬಿಟ್ಟೆ. ನಾಲ್ಕನೇ ದಿನ ₹449 ಕಟ್. ಅದೂ ವಾರಕ್ಕೆ! ಹಿಂದಿನ ದಿನ "ನಾಳೆ ಹಣ ಕಡಿತವಾಗುತ್ತದೆ" ಅಂತ ಮೆಸೇಜ್ ಬಂದಿತ್ತು. ಸಾಲ ಬೇಕಾ, ಸೈಟ್ ಬೇಕಾ ಅನ್ನೋ ಮೆಸೇಜುಗಳ ಮಧ್ಯೆ ಅದನ್ನು ಯಾರು ನೋಡುತ್ತಾರೆ?
ಆ್ಯಪ್ ಕಿತ್ತುಹಾಕಿದ್ದೇನೆ, ಅಲ್ಲಿಗೆ ಮುಗಿಯಿತು ತಾನೇ? ಇನ್ನೊಂದು, ಹಾಕಿಕೊಳ್ಳುವ ಮೊದಲೇ ಇದು ದುಡ್ಡು ಕೇಳುವ ಆ್ಯಪ್ ಅಂತ ತಿಳಿಯಲು ದಾರಿ ಇದೆಯಾ? ನಿಮಗೂ ಹೀಗಾಗಿದ್ದರೆ ಹೇಳಿ.

ಕಾಫಿಪುಡಿ:
ಮುಗಿದಿಲ್ಲ ಸರ್! ಆ್ಯಪ್ ಕಿತ್ತುಹಾಕಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಮುಂದಿನ ವಾರ ಮತ್ತೆ ಕಟ್ ಆಗುತ್ತದೆ. ಈಗಲೇ ಪ್ಲೇ ಸ್ಟೋರ್ ತೆಗೆಯಿರಿ, ಬಲಗಡೆ ಮೇಲೆ ನಿಮ್ಮ ಫೋಟೊ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋಗಿ ಕ್ಯಾನ್ಸಲ್ ಮಾಡಿ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ (ತಾನಾಗಿಯೇ ಹಣ ಕಟ್ ಆಗಲು ಕೊಟ್ಟ ಒಪ್ಪಿಗೆಗಳು) ಅಂತ ಒಂದು ಜಾಗ ಇರುತ್ತದೆ, ಅಲ್ಲೂ ನೋಡಿ. ಕಟ್ ಆಗಿ 48 ಗಂಟೆ ಆಗಿಲ್ಲ ಅಂದರೆ ಪ್ಲೇ ಸ್ಟೋರ್ ಮೂಲಕವೇ ರೀಫಂಡ್ ಕೇಳಬಹುದು. ಅದು ದಾಟಿದರೆ ಸಾಮಾನ್ಯವಾಗಿ ಆ್ಯಪ್ ಮಾಡಿದವರನ್ನೇ ಕೇಳಿ ಅನ್ನುತ್ತಾರೆ.
ನನ್ನ ಕತೆ ಕೇಳಿ. ಇಂಗ್ಲಿಷ್ ಕಲಿಯುವ ಆ್ಯಪ್ ಒಂದನ್ನು ನಾಲ್ಕೇ ದಿನ ಬಳಸಿ ತೆಗೆದುಹಾಕಿದ್ದೆ. ತಿಂಗಳಿಗೆ ₹199ರಂತೆ ಏಳು ತಿಂಗಳು ಹೋಗಿದೆ. ಗೊತ್ತಾಗಿದ್ದು ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ. ಇಂಗ್ಲಿಷ್ ಬರಲಿಲ್ಲ, ದುಡ್ಡೂ ಬರಲಿಲ್ಲ.

ಶ್ರುತಿಪೆಟ್ಟಿಗೆ:
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಮಾಹಿತಿ ಇರುತ್ತೆ ಸರ್, ನಮ್ಮ ಕಣ್ಣು ಅಲ್ಲಿಗೆ ಹೋಗುವುದಿಲ್ಲ ಅಷ್ಟೇ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹೆಸರಿನ ಕೆಳಗೆ, ಹಸಿರು ಅಥವಾ ನೀಲಿ ಬಟನ್ನಿನ ಮೇಲ್ಗಡೆ, ಚಿಕ್ಕ ಬೂದು ಅಕ್ಷರದಲ್ಲಿ "ಜಾಹೀರಾತು ಇದೆ", "ಇನ್-ಆ್ಯಪ್ ಪರ್ಚೇಸಸ್" (ಆ್ಯಪ್ ಒಳಗೆ ಖರೀದಿ ಇದೆ) ಅಂತ ಬರೆದಿರುತ್ತಾರೆ. ಐಫೋನಿನಲ್ಲಿ ಗೆಟ್ ಬಟನ್ನಿನ ಪಕ್ಕದಲ್ಲೇ ಇರುತ್ತದೆ, ಇರುವೆ ಗಾತ್ರದಲ್ಲಿ.
ಆದರೆ ಈ ಹಣೆಪಟ್ಟಿಯೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ಸಂಗೀತ ಕಲಿಯುತ್ತೇನೆ. ನನ್ನ ಫೋನಿನ ತಂಬೂರಿ ಆ್ಯಪಿಗೂ ಅದೇ ಪಟ್ಟಿ. ಒಂದೇ ಸಲ ದುಡ್ಡು ಕೊಟ್ಟೆ, ಜಾಹೀರಾತು ಹೋಯಿತು, ಮೂರು ವರ್ಷದಿಂದ ನೆಮ್ಮದಿ. ನಮ್ಮ ತಮ್ಮ ಆಡುವ ಯುದ್ಧದ ಆಟಕ್ಕೂ ಅದೇ ಪಟ್ಟಿ. ಅದರಲ್ಲಿ ರತ್ನದ ಮೂಟೆ ಮಾರುತ್ತಾರೆ, ಎಷ್ಟು ಕೊಂಡರೂ ಮುಗಿಯುವುದಿಲ್ಲ. ಎರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಏನು ಬಂತು?
ಅದಕ್ಕೇ ನಾನು ಇನ್ನೆರಡು ಬೆರಳು ಕೆಳಗೆ ಹೋಗುತ್ತೇನೆ. ಪ್ಲೇ ಸ್ಟೋರ್‌ನಲ್ಲಿ "ಅಬೌಟ್ ದಿಸ್ ಆ್ಯಪ್" ಒತ್ತಿ ತಳದವರೆಗೆ ಸರಿಸಿದರೆ ಪ್ರತಿ ಐಟಂಗೆ ಇಷ್ಟರಿಂದ ಇಷ್ಟು ಅಂತ ಬೆಲೆ ಇರುತ್ತದೆ. ಒಂದೇ ಮೊತ್ತ ಇದ್ದು ಅದೂ ನೂರೋ ಇನ್ನೂರೋ ಆಗಿದ್ದರೆ ಹೆಚ್ಚಾಗಿ ಜಾಹೀರಾತು ತೆಗೆಯುವ ಬೆಲೆ. "₹10 ರಿಂದ ₹9,900" ಅಂತ ಇದ್ದರೆ ಅದು ಅಂಗಡಿ ಸಾರ್, ಆಟ ಅಲ್ಲ. ಐಫೋನಿನಲ್ಲಿ ಇನ್ಫರ್ಮೇಷನ್ ಭಾಗದಲ್ಲಿ ಐಟಂಗಳ ಹೆಸರೂ ಬೆಲೆಯೂ ಇರುತ್ತವೆ. "ಚಿನ್ನದ ಪೆಟ್ಟಿಗೆ", "ವಾರದ ಪಾಸ್" ಅಂತ ಹೆಸರು ನೋಡಿದ ಕೂಡಲೇ ವಾಪಸ್ ಬಂದುಬಿಡಿ. ಈ ವಿಷಯದಲ್ಲಿ ನನಗೆ ಐಫೋನಿನದೇ ಚೆನ್ನಾಗಿದೆ ಅನ್ನಿಸುತ್ತದೆ. ಫೋನಿನ ರೇಟು ಮಾತ್ರ ಕೇಳಬೇಡಿ.

ಹಳೇ ಕೋಡರ್:
ಐಫೋನಿನ ಆ ಗೆಟ್ ಬಟನ್ನಿನ ಮೇಲೆ ಮೊದಲು ನಿಜವಾಗಿಯೂ "ಫ್ರೀ" ಅಂತಲೇ ಇತ್ತು. ಅದು ಹೋಗಿದ್ದಕ್ಕೆ ಒಂದು ಕತೆ ಇದೆ. ಫ್ರೀ ಆ್ಯಪ್‌ಗಳ ಒಳಗೆ ಮಾರಲು ಆ್ಯಪಲ್ ಬಿಟ್ಟಿದ್ದು 2009ರಲ್ಲಿ. ಆಗ ಒಂದು ಸಲ ಪಾಸ್‌ವರ್ಡ್ ಹೊಡೆದರೆ 15 ನಿಮಿಷ ಮತ್ತೆ ಕೇಳುತ್ತಿರಲಿಲ್ಲ. ಅಪ್ಪ ಆ್ಯಪ್ ಹಾಕಿ ಫೋನ್ ಕೊಡುವುದು, ಮಗು ಆ 15 ನಿಮಿಷದಲ್ಲಿ ಬೇಕಾದ್ದೆಲ್ಲ ಕೊಳ್ಳುವುದು. ಸ್ಮರ್ಫ್ಸ್ ವಿಲೇಜ್ ಅನ್ನೋ ಆಟದಲ್ಲಿ ಅಮೆರಿಕದ ಎಂಟು ವರ್ಷದ ಹುಡುಗಿ ಆಟದ ಹಣ್ಣು ಕೊಳ್ಳುತ್ತಾ 1,400 ಡಾಲರ್ ಬಿಲ್ ಮಾಡಿದ್ದು 2011ರಲ್ಲಿ ದೊಡ್ಡ ಸುದ್ದಿ ಆಯಿತು. ಅದೇ ಮಾರ್ಚ್‌ನಲ್ಲಿ ಬಂದ ಐಫೋನಿನ ಸಾಫ್ಟ್‌ವೇರ್ ಐಓಎಸ್ 4.3ರಲ್ಲಿ ಒಳಗಿನ ಖರೀದಿಗೆ ಬೇರೆಯಾಗಿ ಪಾಸ್‌ವರ್ಡ್ ಕೇಳುವುದು ಶುರುವಾಯಿತು.
ಆಮೇಲೆ 2014ರಲ್ಲಿ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆ್ಯಪಲ್‌ನಿಂದ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್‌ನಿಂದ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಿಸಿತು. ಅದೇ ವರ್ಷ ಯುರೋಪಿಯನ್ ಕಮಿಷನ್ನಿನವರೂ ಹಿಂದೆ ಬಿದ್ದರು, ಒಳಗೆ ದುಡ್ಡು ಕೇಳುವ ಆಟವನ್ನು ಫ್ರೀ ಅಂತ ಕರೆಯಬೇಡಿ ಅಂತ. ಗೂಗಲ್ ಒಪ್ಪಿಕೊಂಡು ಅಂಥ ಆಟಗಳಿಗೆ ಆ ಪದ ಬಿಟ್ಟಿತು. ನವೆಂಬರ್‌ನಲ್ಲಿ ಆ್ಯಪಲ್ ಬಟನ್ ಮೇಲಿನ "ಫ್ರೀ" ತೆಗೆದು "ಗೆಟ್" ಅಂತ ಹಾಕಿತು.
ತಮಾಷೆ ಏನು ಗೊತ್ತಾ? ನಿಜಕ್ಕೂ ಪುಕ್ಕಟೆ ಇರುವ ಆ್ಯಪಿಗೂ ಈಗ ಅದೇ "ಗೆಟ್". ಸುಳ್ಳು ಹೇಳುವುದು ನಿಂತಿತು, ನಿಜ ಹೇಳುವುದೂ ನಿಂತಿತು.

ಮಗ್ಗಿ ಆ್ಯಪಿನವನು:
ಇನ್ನೊಂದು ಕಡೆಯಿಂದಲೂ ಹೇಳುತ್ತೇನೆ, ಬೈಯಬೇಡಿ. ನಾನೂ ನನ್ನ ಹೆಂಡತಿಯೂ ಸೇರಿ ಮಕ್ಕಳಿಗೆ ಕನ್ನಡದಲ್ಲಿ ಮಗ್ಗಿ ಹೇಳಿಕೊಡುವ ಆ್ಯಪ್ ಮಾಡಿದ್ದೇವೆ. ಹತ್ತರವರೆಗೆ ಪುಕ್ಕಟೆ, ಇಪ್ಪತ್ತರವರೆಗೆ ಬೇಕಾದರೆ ಒಂದೇ ಸಲ ₹79. ಜಾಹೀರಾತು ಇಲ್ಲ. ವಿವರಣೆಯ ಮೊದಲ ಸಾಲಿನಲ್ಲೇ ಬೆಲೆ ಬರೆದಿದ್ದೇನೆ. ಆದರೂ "ಫ್ರೀ ಅಂತ ಮೋಸ" ಅಂತ ಒಂದು ಸ್ಟಾರ್ ಕೊಟ್ಟವರು ಎಷ್ಟೋ ಜನ. ಸಾವಿರಾರು ರೂಪಾಯಿಯ ರತ್ನ ಮಾರುವವನಿಗೂ ನನಗೂ ಒಂದೇ ಪಟ್ಟಿ. ಒಂದೇ ಸಲ, ತಿಂಗಳಿಗೆ, ಎಷ್ಟು ಸಲ ಬೇಕಾದರೂ ಅಂತ ಮೂರು ಬೇರೆ ಗುರುತು ಹಾಕಿದರೆ ಓದುವವರಿಗೂ ಒಳ್ಳೆಯದು, ನಮ್ಮಂಥವರೂ ಬದುಕಿಕೊಳ್ಳುತ್ತೇವೆ.
ಅಮೆರಿಕದ ಗೇಮ್ ರೇಟಿಂಗ್ ಸಂಸ್ಥೆ ಇಎಸ್‌ಆರ್‌ಬಿ 2020ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ದುಡ್ಡು ಕೊಟ್ಟರೂ ಒಳಗೆ ಏನು ಸಿಗುತ್ತದೆ ಅಂತ ಗೊತ್ತಿಲ್ಲದ ಲಾಟರಿ ಥರದ ಪೆಟ್ಟಿಗೆಗಳಿದ್ದರೆ ಅದನ್ನು ಬೇರೆಯಾಗಿ ಬರೆಯಬೇಕು ಅಂತ ಮಾಡಿತು. ಅಷ್ಟಾದರೂ ಎಲ್ಲ ಕಡೆ ಬರಲಿ.

ದಾವಣಗೆರೆ ಬೆಣ್ಣೆ:
ನಮ್ಮ ಮನೆಯಲ್ಲಿ ಸ್ಟೋರಿನ ಪಾಸ್‌ವರ್ಡ್ ಅಜ್ಜಿಗೆ ಮಾತ್ರ ಗೊತ್ತು. ಮೊಮ್ಮಕ್ಕಳು ಏನು ಕೇಳಿದರೂ "ನಾಳೆ ನೋಡಣ" ಅನ್ನುತ್ತಾರೆ. ಎರಡು ವರ್ಷದಿಂದ ನಾಳೆ ಬಂದಿಲ್ಲ.

ಕೋರ್ಟು ಕಚೇರಿ:
ನಮ್ಮಲ್ಲೂ ನಿಯಮ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ಸ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿದ್ದಾರೆ. ಮುಂದೆ ಬಳಸಬೇಕಾದರೆ ಒಳಗೆ ಖರೀದಿ ಮಾಡಲೇಬೇಕು ಅನ್ನುವುದನ್ನು ಸರಿಯಾಗಿ ಹೇಳದೆ ಉಚಿತ ಅಂತ ಜಾಹೀರಾತು ಮಾಡಿದರೆ ಅದು "ಡ್ರಿಪ್ ಪ್ರೈಸಿಂಗ್". ಅದಕ್ಕೆ ಕೊಟ್ಟಿರುವ ಉದಾಹರಣೆ ಚೆಸ್ ಆ್ಯಪಿನದು: ಸ್ವಲ್ಪ ಹೊತ್ತು ಆಡಲು ಬಿಟ್ಟು, ಆಮೇಲೆ ದುಡ್ಡು ಕೊಡದಿದ್ದರೆ ಬಾಗಿಲು ಹಾಕುವುದು. ನಿಮ್ಮ ನವಿಲಿನ ಬೀಗವೂ ಹೆಚ್ಚುಕಡಿಮೆ ಅದೇ ಜಾತಿ. ಸಬ್‌ಸ್ಕ್ರಿಪ್ಷನ್ ಬಿಡಿಸಿಕೊಳ್ಳಲು ಆಗದಂತೆ ಸುತ್ತಿಸುವುದೂ ಆ ಪಟ್ಟಿಯಲ್ಲಿದೆ. ರೀಫಂಡ್ ಸಿಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆ್ಯಪಿನ ಪುಟದ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಟ್ಟುಕೊಳ್ಳಿ, ನಾಳೆ ಬದಲಾಯಿಸಿಬಿಡಬಹುದು.

ಕಾಫಿಪುಡಿ:
ಮರೆತಿದ್ದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಬಹುದು. ಮಗುವಿಗೆ ಬೇರೆ ಖಾತೆ ಮಾಡಿ, ಮಕ್ಕಳ ಫೋನ್ ಮೇಲೆ ಕಣ್ಣಿಡುವ ಗೂಗಲ್ ಆ್ಯಪ್ ಫ್ಯಾಮಿಲಿ ಲಿಂಕ್‌ಗೆ ಸೇರಿಸಿದರೆ ಇನ್ನೂ ವಾಸಿ, ಒಪ್ಪಿಗೆ ನಿಮ್ಮ ಫೋನಿಗೆ ಬರುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಒಳಗೆ ಹೋಗಿ ಇನ್-ಆ್ಯಪ್ ಖರೀದಿಯನ್ನೇ ಬಂದ್ ಮಾಡಬಹುದು. ಆದರೆ ಪಿನ್ ಹಾಕಿದ್ದು ಅಪ್ಪನೇ ಆದರೆ ಯಾವ ಬೀಗವೂ ಕೆಲಸ ಮಾಡಲ್ಲ ಸರ್ 😄

ತುಮಕೂರಿನ ಅಪ್ಪ:
ಒಪ್ಪಿದೆ, ತಪ್ಪು ನಂದೂ ಇದೆ 🙏 ಎಲ್ಲರಿಗೂ ಥ್ಯಾಂಕ್ಸ್. ಸಬ್‌ಸ್ಕ್ರಿಪ್ಷನ್ ಪಟ್ಟಿ ತೆಗೆದರೆ ನವಿಲಿನ ಆ್ಯಪ್ ಇನ್ನೂ ಅಲ್ಲೇ ಕೂತಿತ್ತು, ಮುಂದಿನ ಕಂತು ಭಾನುವಾರ! ಅದರ ಕೆಳಗೆ ಇನ್ನೊಂದು, ಫೋಟೊ ಚಂದ ಮಾಡುವ ಆ್ಯಪ್, ವರ್ಷಕ್ಕೆ ₹899. ಅದು ನನ್ನದಲ್ಲ ಅಂತ ಮನೆಯವಳನ್ನು ಕೇಳಿದೆ, ಆಮೇಲೆ ನೋಡಿದರೆ ನನ್ನದೇ. ಎರಡನ್ನೂ ಕ್ಯಾನ್ಸಲ್ ಮಾಡಿದೆ. ಕಟ್ ಆಗಿ 31 ಗಂಟೆ ಆಗಿತ್ತು, ರೀಫಂಡಿಗೂ ಹಾಕಿದ್ದೇನೆ, ಕಾಯಬೇಕು.
ಸ್ಟೋರಿಗೆ ಹೋಗಿ ಆ ಆಟದ ಪುಟವನ್ನೂ ನೋಡಿದೆ. ಶ್ರುತಿಪೆಟ್ಟಿಗೆಯವರು ಹೇಳಿದ ಜಾಗದಲ್ಲೇ ಇತ್ತು, ತಳದಲ್ಲಿ ₹89 ರಿಂದ ₹4,900 ಅಂತ. ಬಣ್ಣದ ಪೆನ್ಸಿಲ್ ಡಬ್ಬಿ ನಮ್ಮೂರಲ್ಲಿ ₹60.
ಮಗ್ಗಿ ಆ್ಯಪಿನವರೇ, ನಿಮ್ಮ ಆ್ಯಪ್ ಹೆಸರೇನು?

ಮಗ್ಗಿ ಆ್ಯಪಿನವನು:
ಇಲ್ಲಿ ಹಾಕಿದರೆ ಪ್ರಚಾರಕ್ಕೆ ಬಂದ ಅನ್ನುತ್ತಾರೆ ಸರ್. ಮೆಸೇಜ್ ಮಾಡಿದ್ದೇನೆ, ನೋಡಿ. ಹತ್ತರವರೆಗೆ ಕಲಿಯಲಿ, ಆಮೇಲೆ ಬೇಕಾದರೆ ₹79.