ಸಹಾಯ ಬೇಕು: ಉಬುಂಟು ಹಾಕಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಇಲ್ಲ
ನಮಸ್ಕಾರ. ಹಾಸನದಲ್ಲಿ ನಮ್ಮದು ಗೊಬ್ಬರದ ಅಂಗಡಿ. ಲೆಕ್ಕಕ್ಕೆ ಟ್ಯಾಲಿ ಬೇಕೇ ಬೇಕು, ಹಾಗಾಗಿ ವಿಂಡೋಸ್ 10 ತೆಗೆಯುವ ಹಾಗಿಲ್ಲ. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತಲ್ವಾ, ಇಂಟರ್ನೆಟ್ ಕೆಲಸಕ್ಕೆಂದು ಅದೇ ಕಂಪ್ಯೂಟರ್‌ನಲ್ಲಿ ಪಕ್ಕದಲ್ಲೇ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿದೆ.

ಈಗ ಆನ್ ಮಾಡಿದರೆ ನೇರವಾಗಿ ಉಬುಂಟುವೇ ಬರುತ್ತದೆ. ಯಾವ ಸಿಸ್ಟಮ್ ತೆರೆಯಬೇಕೆಂದು ಕೇಳುವ ಗ್ರಬ್ ಮೆನುವಿನಲ್ಲಿ ವಿಂಡೋಸ್ ಹೆಸರೇ ಇಲ್ಲ. ಬಯೋಸ್‌ನ (ಕಂಪ್ಯೂಟರಿನದೇ ಮೂಲ ಸೆಟ್ಟಿಂಗ್) ಬೂಟ್ ಮೆನುವಿನಿಂದ ಆರಿಸಿದರೆ ವಿಂಡೋಸ್ ತೆರೆಯುತ್ತದೆ. ಡೇಟಾ ಎಲ್ಲಾ ಇದೆ, ಸದ್ಯ! ಹೊಸ ಗ್ರಬ್‌ನಲ್ಲಿ ಓಎಸ್-ಪ್ರೋಬರ್ (ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಪ್ರೋಗ್ರಾಂ) ಆಫ್ ಆಗಿಯೇ ಬರುತ್ತದಂತೆ. ಅದನ್ನು ಆನ್ ಮಾಡಿ ಅಪ್‌ಡೇಟ್-ಗ್ರಬ್ ಕಮಾಂಡ್ ಕೊಟ್ಟರೆ ಸಾಕಾ?

ಇನ್ನೊಂದು ಕಾಟ. ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದಿದೆ. ಉಬುಂಟು ಕಂಪ್ಯೂಟರಿನ ಒಳಗಿನ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿನ ಸಮಯ ಅಂದುಕೊಳ್ಳುತ್ತದೆ. ಯಾವ ಕಡೆ ಬದಲಾಯಿಸಿದರೆ ಒಳ್ಳೆಯದು? ಸುಮ್ನೆ ‘ಫಾರ್ಮ್ಯಾಟ್ ಮಾಡಿ’ ಅಂತ ಮಾತ್ರ ಹೇಳಬೇಡಿ ಪ್ಲೀಸ್.