ಅಂಗಡಿ ಎದುರಿನ ಐಸಿಗೆ ರಾಕ್ ಸಾಲ್ಟ್: ಬೇಕಾ, ಬೇಡ್ವಾ?

ಕುಂಬಳೆ_ವ್ಯಾಪಾರಿ: ನನ್ನ ತಮ್ಮ ಇಂಗ್ಲೆಂಡಿನ ಶೆಫೀಲ್ಡಲ್ಲಿ ಒಂದು ಕಿರಾಣಿ ಅಂಗಡಿ ವಹಿಸಿಕೊಂಡಿದ್ದಾನೆ, ಬಂಡವಾಳದಲ್ಲಿ ನನ್ನ ಪಾಲೂ ಉಂಟು. ಏರು ರಸ್ತೆ, ಎದುರು ಎರಡು ಮೆಟ್ಟಿಲು, ಹಿಂದೆ ಸಾಮಾನು ಇಳಿಸುವ ಇಳಿಜಾರು, ಎಲ್ಲ ಸೇರಿ 40 ಚದರ ಮೀಟರ್ ಆಗ್ಬಹುದು. ಅವನಿಗೆ ಅಲ್ಲಿ ಇದು ಮೊದಲ ಚಳಿಗಾಲ. ಐಸ್ ಕರಗಿಸ್ಲಿಕ್ಕೆ ರಾಕ್ ಸಾಲ್ಟ್ (ಕಲ್ಲುಪ್ಪು) ಮೂಟೆ ತರಿಸ್ತೇನೆ ಅಂತಾನೆ. ಎಷ್ಟು ಬೇಕು, ಯಾವಾಗ ಹಾಕುದು, ಗೊತ್ತಿದ್ದವರು ಹೇಳಿ.

ಉಪ್ಪಳದವ: ನಾನು ಆ ದೇಶದಲ್ಲಿ ಗೋಡೌನ್ ಕೆಲಸ ಮಾಡಿ ಬಂದವ. ಕಣ್ಣು ಮುಚ್ಚಿ ತರಿಸ್ಲಿಕ್ಕೆ ಹೇಳಿ. ಚದರ ಮೀಟರಿಗೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ, ಅಷ್ಟು ಸಾಕು. 40 ಮೀಟರಿಗೆ ಒಂದು ಸಲಕ್ಕೆ 600 ಗ್ರಾಂ, 20 ಕಿಲೋದ ಒಂದು ಮೂಟೆ ಮೂವತ್ತು ಸಲಕ್ಕೆ ಬರ್ತದೆ. ಹಾಕ್ಬೇಕಾದ್ದು ಐಸ್ ಕಟ್ಟಿದ ಮೇಲೆ ಅಲ್ಲ, ಸಂಜೆ ಅಂಗಡಿ ಮುಚ್ಚುವಾಗ. ಮಳೆ ಬಂದ್ರೆ ತೊಳೆದು ಹೋಗ್ತದೆ, ಹಾಗಾಗಿ ಮಳೆ ನಿಂತ ಮೇಲೆ, ನೆಲದ ತೇವ ಹೆಪ್ಪುಗಟ್ಟುವ ಮೊದಲು. ಹಿಮ ಬಿದ್ರೆ ಮೊದಲು ಸಲಿಕೆಯಲ್ಲಿ ಎಳೆದು ಆಮೇಲೆ ಉಪ್ಪು. ಅಂಚಿನಲ್ಲಿ ಗಿಡ, ಹುಲ್ಲು ಇದ್ರೆ ಅಲ್ಲಿಗೆ ಬೀಳದ ಹಾಗೆ ನೋಡ್ಬೇಕು, ಸುಟ್ಟು ಹೋಗ್ತದೆ.

ಪೆರ್ಲ_ಟು_ಕ್ಯಾಲ್ಗರಿ: "ಕಣ್ಣು ಮುಚ್ಚಿ ತರಿಸಿ" ಅಂದ್ರೆ ಎಂತ ಮಾರಾಯ್ರೆ? ನಾನೀಗ ಕೆನಡಾದಲ್ಲಿ ಇದ್ದೇನೆ, ಇಲ್ಲಿ ಮೈನಸ್ 25 ಆದಾಗ ಉಪ್ಪು ಹಾಕಿದ್ರೆ ಉಪ್ಪು ಹಾಗೇ ಕೂತಿರ್ತದೆ, ಐಸೂ ಹಾಗೇ. ಜಲ್ಲಿಪುಡಿ, ಮರಳು ಹಾಕಿ ಹಿಡಿತ ಮಾಡ್ಕೊಳ್ಳುದು. ಉಪ್ಪಿಗೆ ದುಡ್ಡು ಹಾಳು.

ಉಪ್ಪಳದವ: ಅವರು ಕೇಳಿದ್ದು ಶೆಫೀಲ್ಡ್. ಅಲ್ಲಿ ಚಳಿಗಾಲದ ರಾತ್ರಿ ಹೆಚ್ಚಾಗಿ ಸೊನ್ನೆಯ ಆಚೀಚೆ. ಉಪ್ಪುನೀರು ಹೆಪ್ಪುಗಟ್ಟದೆ ಉಳಿಯುವ ಕಟ್ಟಕಡೆಯ ಮಿತಿ ಮೈನಸ್ 21, ಅದೂ ನೂರಕ್ಕೆ 23 ಪಾಲು ಉಪ್ಪು ಇದ್ರೆ. ಕೆಲಸಕ್ಕೆ ಬರುದು ಮೈನಸ್ ಏಳೆಂಟರ ತನಕ. ಶೆಫೀಲ್ಡಿಗೆ ಅದು ಧಾರಾಳ ಆಯ್ತು.

ಪೆರ್ಲ_ಟು_ಕ್ಯಾಲ್ಗರಿ: ಮೈನಸ್ ಏಳೆಂಟರ ಕೆಳಗೆ ಕೆಲಸ ಮಾಡುದಿಲ್ಲ ಅಂತ ನೀವೇ ಹೇಳಿದ್ರಿ. ನಾನು ಹೇಳಿದ್ದೂ ಅದೇ.

ಊಟಿ_ಕನ್ನಡಿಗ: ನಮ್ಮ ನೀಲಗಿರೀಲಿ ಡಿಸೆಂಬರ್ ಜನವರಿ ಬಂತೂಂದ್ರೆ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗಾಗಿರುತ್ತೆ, ತಲೈಕುಂದಾ ಕಡೆ ಹೋಗಿ ನೋಡಿ. ಯಾವ ಅಂಗಡಿಯವನೂ ಉಪ್ಪು ಹಾಕಲ್ಲ. ಮೆಟ್ಟಿಲಿಗೆ ಎರಡು ಕೊಡ ಬಿಸಿನೀರು ಹುಯ್ದರೆ ಮುಗೀತು.

ಉಪ್ಪಳದವ: ದಯವಿಟ್ಟು ಆ ಬಿಸಿನೀರಿನ ಮಾತು ಯಾರೂ ಕೇಳ್ಬೇಡಿ. ಊಟಿಯಲ್ಲಿ ಬಿಸಿಲು ಏರಿದ ಕೂಡ್ಲೆ ಹಿಮ ಕರಗಿ ಹೋಗ್ತದೆ. ಶೆಫೀಲ್ಡಲ್ಲಿ ಜನವರಿಯ ಮಧ್ಯಾಹ್ನವೂ ನೆರಳಿನ ಜಾಗ ಒಣಗುದಿಲ್ಲ, ಹುಯ್ದ ನೀರೇ ಮತ್ತೆ ಗಾಜಿನ ಹಾಗೆ ಹೆಪ್ಪುಗಟ್ತದೆ, ಕಣ್ಣಿಗೂ ಕಾಣುದಿಲ್ಲ. ನೀರು ಹುಯ್ಯಬೇಡಿ ಅಂತ ಅಲ್ಲಿನ ಸರ್ಕಾರದ ಸೂಚನೆಯೇ ಉಂಟು.

ಊಟಿ_ಕನ್ನಡಿಗ: ನಾವು ಹುಟ್ಟಿದಾಗಿಂದ ಹುಯ್ಯುತ್ತಿದ್ದೀವಿ, ಒಬ್ಬನೂ ಬಿದ್ದಿಲ್ಲ.

ಬದಿಯಡ್ಕ_ತೋಟ: ಒಂದು ಮಾತು ಮೇಲೆ ತಪ್ಪು ಬಂದಿದೆ. ಉಪ್ಪು ಬಿದ್ರೆ ಗಿಡ ಸುಟ್ಟು ಹೋಗ್ತದೆ ಅಂತ. ತಲೆತಲಾಂತರದಿಂದ ತೆಂಗಿನ ಬುಡಕ್ಕೆ ಉಪ್ಪು, ಬೂದಿ ಹಾಕಿಯೇ ನಾವು ಕಾಯಿ ಕೊಯ್ದದ್ದು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ತೆಂಗು ನೆಡುವ ಗುಂಡಿಗೆ 2 ಕಿಲೋ ಉಪ್ಪು ಹಾಕಿ ಅಂತ ಕೇರಳ ಕೃಷಿ ವಿಶ್ವವಿದ್ಯಾಲಯವೇ ಹೇಳ್ತದೆ.

ನೀರ್ಚಾಲು_ಅಕ್ಕ: ಅದು ಗಿಡಕ್ಕೆ ಗೊಬ್ಬರ ಅಂತ ಹೇಳಿದ್ದಲ್ಲ, ಕಲ್ಲು ಮೆತ್ತಗಾಗ್ಲಿ ಅಂತ, ಅದೂ ಸಸಿ ನೆಡುವುದಕ್ಕೆ ಆರು ತಿಂಗಳು ಮೊದಲು. ಮಧ್ಯೆ ಒಂದು ಮಳೆಗಾಲ ಹೋಗ್ತದೆ, ಉಪ್ಪು ಕೆಳಗೆ ಇಳಿದಿರ್ತದೆ. ಪೂರ್ತಿ ಓದಿ ಹೇಳಿ.

ಬದಿಯಡ್ಕ_ತೋಟ: ಗೊಬ್ಬರ ಅಲ್ವಾ? ಉಪ್ಪಿನಲ್ಲಿರುವ ಕ್ಲೋರೈಡ್ ತೆಂಗಿಗೆ ಬೇಕು. ಫಿಲಿಪ್ಪೀನ್ಸಲ್ಲಿ ಅಲ್ಲಿಯ ತೆಂಗು ಪ್ರಾಧಿಕಾರವೇ ಉಪ್ಪನ್ನು ಗೊಬ್ಬರ ಅಂತ ರೈತರಿಗೆ ಹಾಕಿಸ್ತದೆ. ಹೊಳೆ ಬದಿಯ, ಕಡಲ ಬದಿಯ ತೆಂಗು ನೋಡಿ, ಹೇಗೆ ಕಾಯಿ ಬಿಡ್ತದೆ.

ನೀರ್ಚಾಲು_ಅಕ್ಕ: ಕಡಲ ಬದಿಯಲ್ಲಿ ಅಡಿಕೆ ಯಾಕಿಲ್ಲ ಹಾಗಾದ್ರೆ? ತೆಂಗು ತಡಕೊಳ್ತದೆ ಅಂತ ಎಲ್ಲದಕ್ಕೂ ಆಗ್ತದಾ? ನಮ್ಮಲ್ಲಿ ಅಡಿಕೆಯ ನಡುವೆ ತೆಂಗು ಇರುದು, ತೆಂಗಿಗೆ ಉಪ್ಪು ಸುರಿದು ಪಕ್ಕದ ಅಡಿಕೆಯ ಸೋಗೆ ತುದಿಯಿಂದ ಒಣಗಿ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬದಿಯಡ್ಕ_ತೋಟ: ಸೋಗೆ ಒಣಗುದಕ್ಕೆ ನೂರು ಕಾರಣ. ಈಗ ಎಲೆಚುಕ್ಕಿ ರೋಗ ಊರಿಡೀ ಉಂಟು. ಅದನ್ನೂ ಉಪ್ಪಿನ ತಲೆಗೆ ಕಟ್ತೀರಾ?

ನೀರ್ಚಾಲು_ಅಕ್ಕ: ಎಲೆಚುಕ್ಕಿ ಯಾವುದು, ತುದಿ ಸುಡುದು ಯಾವುದು ಅಂತ ನನಗೆ ಗೊತ್ತುಂಟು. ಚುಕ್ಕಿಗೆ ಸುತ್ತ ಹಳದಿ ಉಂಗುರ ಇರ್ತದೆ. ಇದು ಅಂಚಿನಿಂದ ಒಳಗೆ ಬಂದದ್ದು. ಹೆಂಗಸು ಹೇಳಿದ್ದು ಅಂತ ತಳ್ಳಿ ಹಾಕ್ಬೇಡಿ.

ಬದಿಯಡ್ಕ_ತೋಟ: ಹೆಂಗಸು ಗಂಡಸು ಅಂತ ನಾನು ಎಲ್ಲಿ ಹೇಳಿದೆ? ಮೇಲಿಂದ ಕೆಳಗೆ ಓದಿ ತೋರಿಸಿ. ವಾದ ಇಲ್ಲದಾಗ ಜನ ಹೀಗೇ ಮಾತಾಡುದು.

ಮುಳ್ಳೇರಿಯ_ಸುರಂಗ: ಗಿಡ ಬಿಡಿ, ನೀರಿನ ವಿಷಯ ಯಾರೂ ಹೇಳ್ಲಿಲ್ಲ. ನಮ್ಮಲ್ಲಿ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದದ್ದು) ನೀರು ಕುಡಿಯುವ ಮನೆ ಈಗಲೂ ಉಂಟು, ಮೇಲಿನ ಗುಡ್ಡೆಯಲ್ಲಿ ಹಾಕಿದ್ದು ಕೆಳಗೆ ಬಂದೇ ಬರ್ತದೆ. ಅಂಗಡಿಯವನು ಸುರಿದ ಉಪ್ಪೂ ಕೊನೆಗೆ ಅಲ್ಲಿಯ ಹೊಳೆಗೇ ಹೋಗುದು.

ಬದಿಯಡ್ಕ_ತೋಟ: ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿ ಒಂದು ಬುಡಕ್ಕೆ ಹಾಕಿದ ಉಪ್ಪು ಸುರಂಗದಲ್ಲಿ ಉಳಿತದಾ? ನಿಮ್ಮ ನೀರು ಉಪ್ಪಾಗಿದ್ಯಾ, ಇಲ್ವಾ, ಅದನ್ನು ಹೇಳಿ.

ಮುಳ್ಳೇರಿಯ_ಸುರಂಗ: ಆಗಿಲ್ಲ. ಆಗುವ ಮೊದಲೇ ಹೇಳುದು.

ಉಪ್ಪಳದವ: ಅಣ್ಣ, ನಾನು ಹೇಳಿದ್ದು ಶೆಫೀಲ್ಡಿನ ಅಂಗಡಿ ಬದಿಯ ಹುಲ್ಲು, ಬೇಲಿಗಿಡ. ಅಲ್ಲಿ ತೆಂಗಿನ ಮರವೇ ಇಲ್ಲ.

ಬದಿಯಡ್ಕ_ತೋಟ: ನೀವು "ಗಿಡ" ಅಂತ ಬರೆದದ್ದು. ಯಾವ ಗಿಡ ಅಂತ ಬರೆಯದಿದ್ರೆ ಓದಿದವ ಹೇಗೆ ತಿಳ್ಕೊಳ್ಬೇಕು? ತೆಂಗಿನ ವಿಷಯದಲ್ಲಿ ನಾನು ಹೇಳಿದ್ದು ಸರಿಯಾ ಇಲ್ವಾ, ಅಷ್ಟು ಹೇಳಿ ಸಾಕು.

ಹೊಸಂಗಡಿ_ಕೋರ್ಟ್‌ರೋಡ್: ತೆಂಗು ಅಡಿಕೆ ಎಲ್ಲ ಬದಿಗಿಡಿ. ಕುಂಬಳೆಯವರೆ, ನಿಮ್ಮ ತಮ್ಮ ಆ ಹಿಮ ಮುಟ್ಟದಿದ್ರೇ ಕ್ಷೇಮ. ಒಮ್ಮೆ ಗುಡಿಸಿದ ಅಂದ್ರೆ ಜವಾಬ್ದಾರಿ ಅವನದ್ದು, ಆಮೇಲೆ ಯಾರು ಬಿದ್ರೂ ಕೇಸು ಅವನ ಮೇಲೆ.

ಉಪ್ಪಳದವ: ಇದು ಅಲ್ಲಿಯೂ ಓಡಾಡುವ ಸುಳ್ಳು. ಜಾಗ್ರತೆಯಿಂದ ಗುಡಿಸಿದವನ ಮೇಲೆ ಕೇಸು ಬೀಳುವ ಸಂಭವ ಕಡಿಮೆ ಅಂತ ಸರ್ಕಾರವೇ ಹೇಳ್ತದೆ. ಅಂಗಡಿಗಂತೂ ಮಾತೇ ಬೇರೆ. ಒಳಗೆ ಬಂದ ಗಿರಾಕಿಯ ಸುರಕ್ಷತೆಗೆ ತಕ್ಕ ಕಾಳಜಿ ತಗೊಳ್ಬೇಕು ಅಂತ 1957ರ ಕಾನೂನು ಉಂಟು, ಕೆಲಸದವರ ಬಗ್ಗೆ 1974ರದ್ದು ಉಂಟು. ಸುಮ್ಮನೆ ಕೂತ್ರೆ ಸಿಕ್ಕಿ ಬೀಳುದು.

ಹೊಸಂಗಡಿ_ಕೋರ್ಟ್‌ರೋಡ್: "ಸಂಭವ ಕಡಿಮೆ" ಅಂದ್ರೆ ಸಂಭವ ಉಂಟು ಅಂತಲೇ. ನಾನು ಅಷ್ಟೇ ಹೇಳಿದ್ದು.

ಪೆರ್ಲ_ಟು_ಕ್ಯಾಲ್ಗರಿ: ಕಾನೂನು ಅಂದ್ರೆ ನಮ್ಮ ಊರಿನದ್ದು ನೋಡಿ, ಹಿಮ ನಿಂತ 24 ಗಂಟೆಯೊಳಗೆ ಎದುರಿನ ಕಾಲುದಾರಿ ಖಾಲಿ ಮಾಡ್ಬೇಕು, ಮನೆಯಾದ್ರೂ ಅಂಗಡಿಯಾದ್ರೂ. ಖಾಲಿ ಮಾಡುದು ಸಲಿಕೆಯಲ್ಲಿ, ಉಪ್ಪಲ್ಲಿ ಅಲ್ಲ.

ಉಪ್ಪಳದವ: ಮತ್ತೆ ಕ್ಯಾಲ್ಗರಿಗೇ ಹೋದ್ರಿ.

ಕುಂಬಳೆ_ವ್ಯಾಪಾರಿ: ಯಾರಾದ್ರೂ ನಾನು ಕೇಳಿದ್ದಕ್ಕೆ ಉತ್ತರ ಕೊಡ್ತೀರಾ? ತಮ್ಮ ರಾತ್ರಿ ಫೋನ್ ಮಾಡ್ತಾನೆ. ಮೂಟೆ ಎಲ್ಲಿ ಇಡುದು? ಕಂದು ಬಣ್ಣದ್ದಾ ಬಿಳಿಯದ್ದಾ? ಅಂಗಡಿಯಲ್ಲಿರುವ ಅಡುಗೆ ಉಪ್ಪೇ ಹಾಕಿದ್ರೆ ಆಗುದಿಲ್ವಾ?

ಉಪ್ಪಳದವ: ಅಡುಗೆ ಉಪ್ಪೂ ಕರಗಿಸ್ತದೆ, ತುರ್ತಿಗೆ ಆಗ್ತದೆ. ಆದ್ರೆ ಸಣ್ಣ ಪುಡಿ, ಕಾಲಿಗೆ ಹಿಡಿತ ಸಿಗುದಿಲ್ಲ, ಕ್ರಯವೂ ಜಾಸ್ತಿ. ಕಂದು ಬಣ್ಣದ್ದು ಗಣಿಯದ್ದು, ಚೆಷೈರಿನ ವಿನ್ಸ್‌ಫರ್ಡಲ್ಲಿ 1844ರಿಂದ ತೆಗಿತಾರೆ, ಮಣ್ಣು ಸೇರಿದ್ದರಿಂದ ಆ ಬಣ್ಣ. ಹಿಂದಿನ ಇಳಿಜಾರಿಗೆ ಅದು ಸಾಕು. ಎದುರಿನ ಮೆಟ್ಟಿಲಿಗೆ ಬಿಳಿಯದ್ದು ಹಾಕ್ಲಿ, ಇಲ್ಲದಿದ್ರೆ ಗಿರಾಕಿಗಳ ಬೂಟಿನಲ್ಲಿ ಕೆಸರು ಒಳಗೆ ಬಂದು ಟೈಲ್ಸ್ ಮೇಲೆ ಜಾರ್ತದೆ, ಬಾಗಿಲ ಒಳಗೆ ಉದ್ದ ಮ್ಯಾಟ್ ಬೇಕೇ ಬೇಕು. ಮೂಟೆ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಟ್ಟು ಟಾರ್ಪಾಲ್ ಮುಚ್ಲಿ, ತೇವ ಎಳೆದ್ರೆ ಕಲ್ಲಾಗ್ತದೆ. ಮಾಡಿನ ಪೈಪು ಸೋರುದಿದ್ರೆ ಈಗಲೇ ರಿಪೇರಿ ಮಾಡಿಸ್ಲಿ. ಎಲ್ಲಿ ಹನಿ ಬೀಳ್ತದೋ ಅಲ್ಲೇ ಐಸ್ ಗಡ್ಡೆ ಕಟ್ಟುದು, ಅಲ್ಲಿಗೆ ಎಷ್ಟು ಉಪ್ಪು ಹಾಕಿದ್ರೂ ತೊಳೆದು ಹೋಗ್ತದೆ.

ನೀರ್ಚಾಲು_ಅಕ್ಕ: ಕಾಂಕ್ರೀಟಿನ ಒಳಗಿನ ಕಬ್ಬಿಣವನ್ನೂ ಉಪ್ಪು ತಿಂತದೆ, ಅದನ್ನೂ ಸೇರಿಸಿ. ಮೆಟ್ಟಿಲು ಕಾಂಕ್ರೀಟಿನದ್ದಾದ್ರೆ ಹೆಚ್ಚು ಸುರಿಬಾರ್ದು.

ಬದಿಯಡ್ಕ_ತೋಟ: ಈಗ ಕಬ್ಬಿಣಕ್ಕೆ ಬಂದ್ರಿ. ಅಡಿಕೆ ಏನಾಯ್ತು?

ನೀರ್ಚಾಲು_ಅಕ್ಕ: ಅಡಿಕೆ ವಿಷಯ ನಾನು ಬಿಟ್ಟಿಲ್ಲ. ಮಣ್ಣು ಪರೀಕ್ಷೆಯ ರಿಪೋರ್ಟ್ ಉಂಟಾ ನಿಮ್ಮಲ್ಲಿ? ಇದ್ರೆ ಇಲ್ಲಿ ಹಾಕಿ.

ಬದಿಯಡ್ಕ_ತೋಟ: ಕಾಸರಗೋಡಲ್ಲಿ ತೆಂಗು, ಅಡಿಕೆ ಸಂಶೋಧನೆಯ ಕೇಂದ್ರ ಸಂಸ್ಥೆ ಸಿಪಿಸಿಆರ್‌ಐ ಇರುದು ಎಂತಕ್ಕೆ? ಹೋಗಿ ಕೇಳಿ, ತೆಂಗಿಗೆ ಉಪ್ಪು ವಿಷವಾ ಅಂತ.

ನೀರ್ಚಾಲು_ಅಕ್ಕ: ತೆಂಗಿಗೆ ವಿಷ ಅಂತ ನಾನು ಒಂದು ಕಡೆಯೂ ಹೇಳ್ಲಿಲ್ಲ.

ಉಪ್ಪಳದವ: ಕುಂಬಳೆಯವರೆ, ಇನ್ನೊಂದು. ಬಾಗಿಲ ಹತ್ರ ಒಂದು ಪುಸ್ತಕ ಇಡ್ಲಿಕ್ಕೆ ಹೇಳಿ. ದಿನಾಂಕ, ಗಂಟೆ, ಉಷ್ಣಾಂಶ, ಯಾರು ಉಪ್ಪು ಹಾಕಿದ್ದು, ದಿನಾ ಬರೀಬೇಕು. ಬಿದ್ದು ಪೆಟ್ಟಾದವ ಮೂರು ವರ್ಷದ ತನಕ ಅಲ್ಲಿ ಪರಿಹಾರಕ್ಕೆ ಕೇಸು ಹಾಕ್ಬಹುದು. ಆಗ ಬಾಯಿಮಾತಿಗೆ ಬೆಲೆ ಇಲ್ಲ.

ಹೊಸಂಗಡಿ_ಕೋರ್ಟ್‌ರೋಡ್: ನೋಡಿ, ಕೇಸು ಹಾಕ್ಬಹುದು ಅಂತ ಈಗ ಅವರೇ ಬರೆದ್ರು.

ಕುಂಬಳೆ_ವ್ಯಾಪಾರಿ: ಬಿಳಿಯದ್ದು ಎರಡು, ಕಂದು ಎರಡು ಮೂಟೆ ತರಿಸ್ಲಿಕ್ಕೆ ಹೇಳ್ತೇನೆ, ಪುಸ್ತಕವೂ ಇಡ್ಲಿ. ತೆಂಗಿಗೆ ಬೇರೆ ಪೋಸ್ಟ್ ಹಾಕಿ ದಯವಿಟ್ಟು.

ಬದಿಯಡ್ಕ_ತೋಟ: ಬೇರೆ ಪೋಸ್ಟ್ ಯಾಕೆ? ತಪ್ಪು ಬರೆದದ್ದು ಇಲ್ಲಿ, ತಿದ್ದಬೇಕಾದ್ದೂ ಇಲ್ಲಿ.